ಮದುವೆ ಆದ ಮೇಲೆ ಹೋಗುವೆಯಂತೆ

ಹೆಣ್ಣುಮಕ್ಕಳಿರುವ ನಮ್ಮ ಮನೆಗಳಲ್ಲಿ ಬಹಳ ಹಳೆಯದೊಂದು ಸಮಾಧಾನದ ಮಾತಿದೆ. ಕಾಲೇಜಿನಿಂದ ಜೋಗಕ್ಕೆ ಪ್ರವಾಸ ಹೊರಟಿದ್ದಾರೆ, ಹೋಗಲೇ ಅಮ್ಮಾ ಎಂದರೆ ‘ಮದುವೆ ಆದ ಮೇಲೆ ಗಂಡನ ಜೊತೆ ಹೋಗುವೆಯಂತೆ.’ ಗೆಳತಿಯರೆಲ್ಲ ಸೇರಿ ಬೆಟ್ಟ ಹತ್ತುತ್ತಾರಂತೆ ಎಂದರೆ ಅದಕ್ಕೂ ಅದೇ ಉತ್ತರ. ಕೂದಲು ಚಿಕ್ಕದಾಗಿ ಕತ್ತರಿಸಿಕೊಳ್ಳಲೇ ಎಂದರೆ ‘ಆಮೇಲೆ ನೀನುಂಟು, ನಿನ್ನ ಗಂಡನುಂಟು.’ ಹೀಗೆ ಹದಿನೈದರಿಂದ ಇಪ್ಪತ್ತಮೂರರವರೆಗಿನ ಆಸೆಗಳೆಲ್ಲ ಒಂದು ಟ್ರಂಕಿನಲ್ಲಿ ಮಡಿಚಿಟ್ಟ ಸೀರೆಗಳಂತೆ ಮದುವೆಯ ದಿನಕ್ಕಾಗಿ ಕಾಯುತ್ತವೆ.

ಮದುವೆಯೂ ಆಗುತ್ತದೆ. ಆಗ ಇನ್ನೊಂದು ಮನೆಯಲ್ಲಿ ಇನ್ನೊಂದು ಮಾತು ಕಾದಿರುತ್ತದೆ: ‘ಮದುವೆ ಆದ ಮೇಲೂ ಇದೆಲ್ಲ ಬೇಕೇನಮ್ಮ?’

ಹಾಗಾದರೆ ಹೋಗುವುದು ಯಾವಾಗ?

ಈ ಪ್ರಶ್ನೆ ನನ್ನದಲ್ಲ. ದಾವಣಗೆರೆ ಕಡೆಯ ಒಬ್ಬ ತಾಯಿ ಕಳೆದ ವಾರ ಬರೆದ ಪತ್ರದಲ್ಲಿದ್ದುದು. ಅವರ ಮಗಳು ಎರಡನೇ ವರ್ಷದ ಬಿ.ಎಸ್ಸಿ. ಓದುತ್ತಿದ್ದಾಳೆ. ಫೆಬ್ರವರಿ ಕೊನೆಗೆ ಕಾಲೇಜಿನ ನಿಸರ್ಗ ಸಂಘದವರು ರಂಗನತಿಟ್ಟು, ಕೊಕ್ಕರೆ ಬೆಳ್ಳೂರುಗಳಿಗೆ ಎರಡು ದಿನ ಕರೆದೊಯ್ಯುತ್ತಾರೆ. ತಂದೆ ಆ ಹಳೆಯ ಮಾತನ್ನು ಆಡಿದ್ದಾರೆ. ತಾಯಿಗೆ ಕಳಿಸುವ ಮನಸ್ಸಿದೆ. ಪತ್ರದ ಕೊನೆಯಲ್ಲಿ ಅವರು ಕೇಳಿದ್ದು ಹೀಗೆ: ‘ನೀವು ಮದುವೆಯಾದವರು. ಹಕ್ಕಿ ನೋಡಲು ಗೆಳತಿಯರ ಜೊತೆ ಹೋದೆ ಎಂದು ಬರೆಯುತ್ತಿರುತ್ತೀರಿ. ನಿಮ್ಮ ಮನೆಯಲ್ಲಿ ಏನೂ ಅನ್ನುವುದಿಲ್ಲವೇ?’

ಅನ್ನದೆ ಉಂಟೇ!

ನನಗೆ ಮದುವೆಯಾಗಿ ಮೂರು ವರ್ಷ. ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಅತ್ತೆ, ಮಾವ, ನಾವಿಬ್ಬರು ಇರುವ ಮನೆ. ಮದುವೆಯಾದ ಮೊದಲ ಫೆಬ್ರವರಿಯಲ್ಲಿ ‘ಭಾನುವಾರ ಬೆಳಿಗ್ಗೆ ಲಾಲ್‌ಬಾಗಿಗೆ ಹೋಗ್ತೀನಿ, ನನ್ನ ಫ್ರೆಂಡ್ಸ್ ಬರ್ತಾರೆ’ ಎಂದಾಗ ಯಾರೂ ಬೇಡ ಎನ್ನಲಿಲ್ಲ. ನಮ್ಮಲ್ಲಿ ಬೇಡ ಎನ್ನುವ ಕ್ರಮವೇ ಬೇರೆ. ಅತ್ತೆ ‘ಹೋಗಿ ಬಾರಮ್ಮ’ ಎಂದರು. ಒಂದು ನಿಮಿಷ ಬಿಟ್ಟು ‘ತಿಂಡಿ ನಾನೇ ಮಾಡ್ಕೋತೀನಿ ಬಿಡು, ಸೊಂಟನೋವು ಇವತ್ತು ಒಂಚೂರು ಕಡಿಮೆ ಇದೆ’ ಎಂದರು. ಮಾವ ಪೇಪರಿನ ಹಿಂದಿನಿಂದಲೇ ‘ಹಕ್ಕಿ ನಮ್ಮ ಹಿತ್ತಿಲ ಸಂಪಿಗೆ ಮರಕ್ಕೂ ಬರುತ್ವಲ್ಲ’ ಎಂದರು. ಇಷ್ಟೇ. ಆದರೆ ಹೊಸ ಸೊಸೆಯ ಕಾಲಿಗೆ ಇಷ್ಟು ತೂಕ ಸಾಕು, ಹೊಸ್ತಿಲು ದಾಟುವುದು ಕಷ್ಟವಾಗುತ್ತದೆ.

ಅದೇ ಭಾನುವಾರ ನಮ್ಮವರು ಆರು ಗಂಟೆಗೇ ಬ್ಯಾಟು ಹಿಡಿದು ಮೈದಾನಕ್ಕೆ ಹೋಗಿಯಾಗಿತ್ತು. ಮದುವೆಗೆ ಮುಂಚೆಯೂ ಹೋಗುತ್ತಿದ್ದರು, ಮದುವೆಯಾದ ಮೇಲೂ ಹೋಗುತ್ತಾರೆ. ಅದಕ್ಕೊಂದು ಅನುಮತಿ ಬೇಕು ಎಂಬ ಯೋಚನೆ ಅವರಿಗಾಗಲಿ ಮನೆಯವರಿಗಾಗಲಿ ಬಂದಂತಿಲ್ಲ. ಇದನ್ನು ನಾನು ದೂರು ಎಂದು ಹೇಳುತ್ತಿಲ್ಲ. ಗಂಡಸರ ಕಷ್ಟ ಇನ್ನೊಂದು ಬಗೆಯದು. ‘ಅವನಿಗೀಗ ಮದುವೆ ಆಗಿದೆ ಕಣ್ರೋ, ಕರೀಬೇಡಿ’ ಎಂದು ಸ್ನೇಹಿತರೇ ಫೋನು ಮಾಡುವುದನ್ನು ಬಿಡುತ್ತಾರೆ. ಹನ್ನೊಂದು ಜನರಿದ್ದ ಅವರ ತಂಡದಲ್ಲಿ ಈಗ ಎಣಿಸಿದರೆ ಏಳು ಜನ. ಅಕ್ಕಪಕ್ಕದ ಪಿಯುಸಿ ಹುಡುಗರನ್ನು ಸೇರಿಸಿಕೊಂಡು ಆಟ ನಡೆಸುತ್ತಾರೆ.

ಎರಡು ಮೂರು ಭಾನುವಾರ ಹೀಗೇ ಕಳೆದ ಮೇಲೆ ನನಗೆ ಹೊಳೆದ ಸಂಗತಿಯೆಂದರೆ, ತೊಡಕಿದ್ದುದು ಹಕ್ಕಿಯಲ್ಲೂ ಅಲ್ಲ, ಗೆಳತಿಯರಲ್ಲೂ ಅಲ್ಲ, ತಿಂಡಿಯಲ್ಲಿ. ಎಂಟೂವರೆಗೆ ಮಾವ ಮಾತ್ರೆ ನುಂಗಬೇಕು, ಅದಕ್ಕೆ ಮುಂಚೆ ಹೊಟ್ಟೆಗೆ ಏನಾದರೂ ಬೀಳಬೇಕು. ಸರಿ, ಶನಿವಾರ ರಾತ್ರಿಯೇ ದೋಸೆ ಹಿಟ್ಟು ಸಿದ್ಧ. ಕಾಯಿ ತುರಿದು ಡಬ್ಬಿಗೆ. ಎಂಟು ಗಂಟೆಗೆ ಮೈದಾನದಿಂದ ಬಂದವರು ಸ್ನಾನ ಮಾಡಿ ದೋಸೆ ಹುಯ್ಯುವುದು. ಮೊದಲ ವಾರ ಕಾವಲಿಗೆ ಅಂಟಿಕೊಂಡ ದೋಸೆಯನ್ನು ಚಮಚದಿಂದ ಕೆರೆದು ತಿಂದರಂತೆ. ನಾಲ್ಕನೆಯ ವಾರದ ಹೊತ್ತಿಗೆ ‘ನಿನಗಿಂತ ತೆಳ್ಳಗೆ ಹಾಕ್ತಾನೆ’ ಎಂದು ಅತ್ತೆಯೇ ಸರ್ಟಿಫಿಕೇಟು ಕೊಟ್ಟರು. (ತೆಳ್ಳಗೇನೋ ನಿಜ. ಒಲೆಯ ಸುತ್ತ ಆಗುವ ರಾಡಿಯ ಬಗ್ಗೆ ಯಾರೂ ಮಾತಾಡುವುದಿಲ್ಲ.)

ಇನ್ನೊಂದು ಕೆಲಸ ಮಾಡಿದೆ. ಅಡುಗೆಮನೆಯ ಗೋಡೆಗೆ ತೂಗುಹಾಕಿರುವ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿ, ಗ್ಯಾಸ್ ಬಂದ ದಿನ, ಹಾಲಿನ ಲೆಕ್ಕ ಎಲ್ಲ ಇರುತ್ತವಲ್ಲ, ಅಲ್ಲಿಯೇ ತಿಂಗಳಿಗೆ ಎರಡು ಭಾನುವಾರದ ಚೌಕದಲ್ಲಿ ‘ಹಕ್ಕಿ’ ಎಂದು ಬರೆದೆ. ಬಾಯಲ್ಲಿ ಹೇಳಿದ್ದು ಪ್ರತಿ ಸಲವೂ ಹೊಸದಾಗಿ ಕೇಳುವ ಕೋರಿಕೆಯಾಗುತ್ತದೆ. ಕ್ಯಾಲೆಂಡರಿನಲ್ಲಿ ಬರೆದದ್ದಕ್ಕೆ ನಮ್ಮ ಮನೆಗಳಲ್ಲಿ ಒಂದು ಮರ್ಯಾದೆ ಇದೆ. ‘ಈ ಭಾನುವಾರ ನಿನ್ನ ಹಕ್ಕಿ ಅಲ್ವೇ, ನೆಂಟರನ್ನ ಸಂಜೆಗೆ ಬರೋಕೆ ಹೇಳ್ತೀನಿ’ ಎಂದು ಅತ್ತೆ ಅಂದ ದಿನ ನಾನು ಗೆದ್ದೆ ಎಂದುಕೊಂಡೆ.

ಅತ್ತೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅವರು ಹೈಸ್ಕೂಲಿನಲ್ಲಿ ಟೆನ್ನಿಕಾಯ್ಟ್ ಆಡುತ್ತಿದ್ದರು. ಅದೇ, ರಬ್ಬರಿನ ರಿಂಗ್ ಎಸೆದು ಹಿಡಿಯುವ ಆಟ. ತಾಲ್ಲೂಕು ಮಟ್ಟದಲ್ಲಿ ಶಾಲೆಗೆ ಬಹುಮಾನ ತಂದಿದ್ದರಂತೆ. ಜೋಡಿ ಆಟದ ಗೆಳತಿಯನ್ನು ಪಕ್ಕದ ಊರಿಗೇ ಕೊಟ್ಟರು, ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಮದುವೆಯಾದ ಮೇಲೆ ಇಬ್ಬರೂ ಭೇಟಿಯಾದದ್ದು ಎರಡೇ ಸಲ, ಎರಡೂ ಬೇರೆಯವರ ಮದುವೆಗಳಲ್ಲಿ. ‘ಹೋಗ್ಬೇಡ ಅಂತ ಯಾರೂ ಅನ್ಲಿಲ್ಲ ಕಣೆ. ಹೋಗೋದು ಅಂತ ಒಂದಿದೆ ಅನ್ನೋದೇ ನೆನಪಾಗ್ಲಿಲ್ಲ’ ಎಂದು ಬಟಾಣಿ ಬಿಡಿಸುತ್ತ ಹೇಳಿದರು. ಅವತ್ತಿನಿಂದ ಅವರ ಸೊಂಟನೋವಿನ ಮಾತು ನನಗೆ ಬೇರೆಯಾಗಿಯೇ ಕೇಳಿಸುತ್ತದೆ.

ಇರಲಿ. ಹಕ್ಕಿಯ ಭಾನುವಾರಗಳಿಗೆ ಬರೋಣ. ಯಾವ ಕಾಲದಲ್ಲಾದರೂ ಹೋಗಬಹುದು, ಆದರೆ ನಮ್ಮ ಗುಂಪಿಗೆ ವಸಂತವೇ ಹಬ್ಬ. ವಿದ್ಯಾರ್ಥಿಗಳಾಗಿದ್ದಾಗ ನಾವು ವಸಂತವನ್ನು ನೋಡಿಯೇ ಇರಲಿಲ್ಲ ಎನ್ನುವುದೂ ಅದಕ್ಕೊಂದು ಕಾರಣ. ನಮ್ಮ ರಾಜ್ಯದಲ್ಲಿ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಎಂದರೆ ಪರೀಕ್ಷೆಗಳ ಕಾಲ. ಹೊಂಗೆ ಚಿಗುರಿ ಬೀದಿಗೆಲ್ಲ ಎಳೆ ಹಸಿರು ಬಂದಾಗ ನಾವು ಕಿಟಕಿ ಮುಚ್ಚಿ ರಸಾಯನಶಾಸ್ತ್ರದ ಸಮೀಕರಣ ಬಾಯಿಪಾಠ ಮಾಡುತ್ತಿರುತ್ತೇವೆ. ಕೋಗಿಲೆ ಕೂಗಿದರೆ ಓದಿಗೆ ತೊಂದರೆ. ಯುಗಾದಿಯ ಬೇವಿನ ಹೂವನ್ನು ಸಹ ಯಾರೋ ತಂದುಕೊಡಬೇಕು. ಹತ್ತನೇ ತರಗತಿ, ಪಿಯುಸಿ, ಡಿಗ್ರಿ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಓದುವ ಮಗುವೊಂದು ಎಷ್ಟು ವಸಂತಗಳನ್ನು ಕಳೆದುಕೊಳ್ಳುತ್ತದೆ ನೋಡಿ.

ಬೆಂಗಳೂರಿನಂಥ ಊರಿನಲ್ಲಿ ಇದು ಇನ್ನೂ ದೊಡ್ಡ ನಷ್ಟ, ಏಕೆಂದರೆ ಇಲ್ಲಿಯ ಹೂಮರಗಳ ಹಿಂದೆ ಒಂದು ಲೆಕ್ಕಾಚಾರವೇ ಇದೆ. 1908ರಲ್ಲಿ ಬರೋಡದಿಂದ ಇಲ್ಲಿಗೆ ಬಂದ ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು ಎಂಬ ಯೋಜನೆಯಿಂದ ಮರಗಳನ್ನು ಆರಿಸಿ ಹಾಕಿಸಿದರು. ಅದರ ಫಲವನ್ನು ಈಗಲೂ ಉಣ್ಣುತ್ತಿದ್ದೇವೆ. ಫೆಬ್ರವರಿಯಲ್ಲಿ ಎಲೆಯೇ ಇಲ್ಲದ ಟಬೆಬುಯಾ ಮರಗಳು ಗುಲಾಬಿ, ಹಳದಿ ಬಣ್ಣ ಹೊದ್ದು ನಿಲ್ಲುತ್ತವೆ. ಅವು ಉದುರುವ ಹೊತ್ತಿಗೆ ಜಕರಾಂಡದ ನೀಲಿ. ಅದು ಮುಗಿಯುತ್ತ ಬಂದಂತೆ ಗುಲ್‌ಮೊಹರಿನ ಕೆಂಪು. ಊರಿನ ಹೊರಗೆ ಕುರುಚಲು ಕಾಡಿದ್ದರೆ ಮುತ್ತುಗದ ಬೆಂಕಿ ಬೇರೆ. 240 ಎಕರೆಯ ಲಾಲ್‌ಬಾಗಿನಲ್ಲಿ ಬೆಳಿಗ್ಗೆ ಏಳರೊಳಗೆ ಒಂದು ಸುತ್ತು ಬಂದರೆ ಮಡಿವಾಳ ಹಕ್ಕಿಯ ಸಿಳ್ಳು, ಕಂಚುಕುಟಿಗನ ‘ಟುಕ್ ಟುಕ್’, ಕುಟ್ರು ಹಕ್ಕಿಯ ಎಡೆಬಿಡದ ಕೂಗು ಎಲ್ಲ ಕಿವಿಗೆ ಬೀಳುತ್ತವೆ. ಅಂದ ಹಾಗೆ, ‘ಕುಹೂ’ ಎಂದು ಕೂಗುವುದು ಗಂಡು ಕೋಗಿಲೆ. ನಮ್ಮ ಸಿನಿಮಾಗಳಲ್ಲಿ ಹಾಡುವ ನಾಯಕಿಯನ್ನು ಕೋಗಿಲೆ ಎನ್ನುವವರಿಗೆ ಇದನ್ನು ಯಾರಾದರೂ ತಿಳಿಸಬೇಕು.

ನಮ್ಮ ಗುಂಪು ಎಂದೆನಲ್ಲ, ಕಾಲೇಜಿನಲ್ಲಿ ನಾವು ಐವರಿದ್ದೆವು. ಒಬ್ಬಳು ಈಗ ಧಾರವಾಡದಲ್ಲಿ ಉಪನ್ಯಾಸಕಿ. ಒಬ್ಬಳು ಅಮೆರಿಕದಲ್ಲಿ, ಮಾರ್ಚ್ ತಿಂಗಳ ಹಿಮದ ಫೋಟೋ ಕಳಿಸಿ ‘ನಿಮಗೆ ಹೂವು, ನನಗೆ ಸಲಿಕೆ’ ಎಂದು ಬರೆಯುತ್ತಾಳೆ. ಇಬ್ಬರು ಇಲ್ಲಿದ್ದೇವೆ. ಐದನೆಯವಳೂ ಇದೇ ಊರಿನಲ್ಲಿದ್ದಾಳೆ, ನಮ್ಮ ಮನೆಯಿಂದ ಎರಡು ಬಸ್ಸಿನ ದೂರ. ಐವರಲ್ಲಿ ಹಕ್ಕಿಯ ದನಿ ಕೇಳಿಯೇ ಹೆಸರು ಹೇಳುತ್ತಿದ್ದವಳು ಅವಳೊಬ್ಬಳೇ. ಸಾಲಿಂ ಅಲಿಯವರ ಪುಸ್ತಕ, ತೇಜಸ್ವಿಯವರ ‘ಹಕ್ಕಿ ಪುಕ್ಕ’ ಎರಡನ್ನೂ ನಾವೆಲ್ಲ ಮೊದಲು ನೋಡಿದ್ದು ಅವಳ ಬ್ಯಾಗಿನಲ್ಲಿ. ಮದುವೆಯಾದ ವರ್ಷ ಎರಡು ಸಲ ಬರುತ್ತೇನೆಂದು ಬರಲಿಲ್ಲ. ಮೂರನೆಯ ಸಲ ‘ಕರೀಬೇಡ್ರೇ, ಆಗಲ್ಲ ಅಂತ ಹೇಳೋಕೆ ಬೇಜಾರಾಗತ್ತೆ’ ಎಂದಳು. ಅವಳ ಮನೆಯವರು ಕೆಟ್ಟವರೇನಲ್ಲ. ನಾನು ಹೋದಾಗ ಹೋಳಿಗೆ ಬಡಿಸಿದ್ದಾರೆ. ಅವಳು ದುರ್ಬೀನನ್ನು ಮೈದುನನಿಗೆ ಕೊಟ್ಟುಬಿಟ್ಟಳು, ಅವನು ಅದನ್ನು ಕ್ರಿಕೆಟ್ ನೋಡಲು ಒಯ್ಯುತ್ತಾನೆ. ನಾನು ಮಾತ್ರ ಪ್ರತಿ ಸಲ ಹೊರಡುವ ಮುಂಚಿನ ದಿನ ಅವಳಿಗೆ ಬಸ್ಸಿನ ಸಮಯ ತಿಳಿಸುತ್ತೇನೆ, ಬಾ ಎನ್ನುವುದಿಲ್ಲ. ಉತ್ತರ ಬರುವುದಿಲ್ಲ.

ಕಳೆದ ಮಾರ್ಚಿನಲ್ಲಿ ಹೋದದ್ದು ಕೊಕ್ಕರೆ ಬೆಳ್ಳೂರಿಗೆ. ಬೆಂಗಳೂರಿನಿಂದ ಸುಮಾರು 80 ಕಿ.ಮೀ. ಮೈಸೂರಿನ ಹಳೆಯ ರಸ್ತೆಯಲ್ಲಿ ಚನ್ನಪಟ್ಟಣ ದಾಟಿ, ಮದ್ದೂರು ಬರುವ ಮುಂಚೆ ರುದ್ರಾಕ್ಷಿಪುರದಲ್ಲಿ ತಿರುಗಿ ಹನ್ನೆರಡು ಕಿ.ಮೀ. ಒಳಗೆ ಹೋಗಬೇಕು. ಇದು ಕಾಡೂ ಅಲ್ಲ, ಕೆರೆಯೂ ಅಲ್ಲ, ನಮ್ಮ ನಿಮ್ಮಂಥವರ ಒಂದು ಊರು. ಕೊಟ್ಟಿಗೆ, ತಿಪ್ಪೆ, ಜಗುಲಿಗಳ ನಡುವೆ ಎದ್ದ ಹುಣಸೆ, ಆಲ, ಅರಳಿ ಮರಗಳ ತುದಿಯಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿ ಮರಿ ಮಾಡುತ್ತವೆ. ಮೊದಲು ಬರುವುದು ಹೆಜ್ಜಾರ್ಲೆ, ಹೊಸ ವರ್ಷ ಹುಟ್ಟಿದ ಮೇಲೆ ಬಣ್ಣದ ಕೊಕ್ಕರೆ. ಮಾರ್ಚಿನಲ್ಲಿ ಹೋದರೆ ಮರಿಗಳು ತಾಯಿಯ ಕೊಕ್ಕಿನ ಚೀಲದೊಳಗೆ ತಲೆಯನ್ನೇ ತೂರಿಸಿ ಮೀನು ತಿನ್ನುವುದನ್ನು ಕಾಣಬಹುದು. ಗದ್ದಲ ಹೇಳತೀರದು. ವಾಸನೆಯೂ ಅಷ್ಟೇ. ಫೋಟೋಗಳಲ್ಲಿ ಅದು ಬರುವುದಿಲ್ಲವಾದ್ದರಿಂದ ಮೊದಲೇ ಹೇಳಿಬಿಡುತ್ತೇನೆ.

ಇಲ್ಲಿಯ ಹೆಜ್ಜಾರ್ಲೆಗಳ ವಿಚಾರವನ್ನು ಬ್ರಿಟಿಷ್ ನಿಸರ್ಗ ವಿಜ್ಞಾನಿ ಜೆರ್ಡನ್ 1864ರಷ್ಟು ಹಿಂದೆಯೇ ದಾಖಲಿಸಿದ್ದ. ಆಮೇಲೆ ಹೊರಗಿನ ಜಗತ್ತು ಅದನ್ನು ಮರೆತಿತ್ತು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಮತ್ತೆ ಬೆಳಕಿಗೆ ತಂದರು. 1980ರ ದಶಕದಲ್ಲಿ ಬೆಂಗಳೂರಿನ ರಸ್ತೆಗಳ ಬದಿಗೆ ಲಕ್ಷಗಟ್ಟಲೆ ಸಸಿ ನೆಡಿಸಿದವರೂ ಇವರೇ. ಊರಿನವರಿಗೆ ಮಾತ್ರ ಹಕ್ಕಿಗಳು ಯಾವತ್ತೂ ಮರೆತಿರಲಿಲ್ಲ. ಹಿಕ್ಕೆ ಒಳ್ಳೆಯ ಗೊಬ್ಬರ ನಿಜ, ಆದರೆ ಹುಣಸೆ ಹಣ್ಣು ಉದುರಿಸುವ ಕಾಲವೂ ಗೂಡಿನ ಕಾಲವೂ ಒಂದೇ ಆದ್ದರಿಂದ ಗೂಡಿರುವ ಮರದ ಫಸಲನ್ನು ಕೈಬಿಡಬೇಕಾಗುತ್ತದೆ. ಅದಕ್ಕೆ ಅರಣ್ಯ ಇಲಾಖೆ ಒಂದಿಷ್ಟು ಪರಿಹಾರ ಕೊಡುವ ಪದ್ಧತಿ ಬಂತು. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ನಾವು ಒಂದು ಜಗುಲಿಯ ಮೇಲೆ ಕೂತು ಬುತ್ತಿ ಬಿಚ್ಚಿದಾಗ ಆ ಮನೆಯ ಅಜ್ಜಿ ನೀರು ತಂದುಕೊಟ್ಟು ನನ್ನ ತಾಳಿ, ಕಾಲುಂಗುರ ನೋಡಿದರು. ‘ಯಜಮಾನ್ರು ಬರ್ಲಿಲ್ವೇನವ್ವಾ?’

‘ಇಲ್ಲ ಅಜ್ಜಿ, ಅವರಿಗೆ ಹಕ್ಕಿ ಅಂದ್ರೆ ಅಷ್ಟಕ್ಕಷ್ಟೆ. ನಾನು ಗೆಳತಿಯರ ಜೊತೆ ಬಂದೆ.’

ಅಜ್ಜಿ ಬೈಯುತ್ತಾರೆಂದುಕೊಂಡೆ. ಅವರು ಮರದ ಕಡೆ ಕೈತೋರಿಸಿ ‘ಇವೂ ನಮ್ ಹೆಣ್ಮಕ್ಳೇ ಕಣವ್ವ. ಬಾಣಂತನಕ್ಕೆ ತವರಿಗೆ ಬಂದವೆ’ ಎಂದರು. ಇದು ಆ ಅಜ್ಜಿಯೊಬ್ಬರ ಮಾತಲ್ಲ, ಊರಿಗೆ ಊರೇ ಹಾಗೆ ನಂಬಿ ನಡೆದುಕೊಂಡು ಬಂದಿದೆ. ನಮ್ಮವರು ಬರಲಿಲ್ಲವೇಕೆ ಎಂಬುದನ್ನು ಅವರು ಮತ್ತೆ ಕೇಳಲಿಲ್ಲ. ಊಟ ಮುಗಿಯುವಷ್ಟರಲ್ಲಿ ಮಜ್ಜಿಗೆ ಬಂತು.

ಆದರೆ ಆ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಎಲ್ಲರೂ ಕೇಳುತ್ತಾರೆ. ಗಂಡ ಹೆಂಡತಿಗೆ ಒಂದೇ ಹವ್ಯಾಸ ಇರಬೇಡವೇ, ಇಬ್ಬರೂ ಒಟ್ಟಿಗೆ ಹೋದರೆ ಚೆಂದವಲ್ಲವೇ ಎನ್ನುತ್ತಾರೆ. ಚೆಂದವೇ. ಸಾಲಿಂ ಅಲಿಯವರ ಬಾಳು ಹಾಗಿತ್ತು. 1918ರಲ್ಲಿ ತೆಹ್ಮಿನಾ ಅವರನ್ನು ಮದುವೆಯಾದಾಗ ಸಾಲಿಂಗೆ ಇಪ್ಪತ್ತೆರಡು ವರ್ಷ. ಮುಂದೆ ಬೊಂಬಾಯಿಯ ವಸ್ತುಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿತು. ಪಕ್ಷಿವಿಜ್ಞಾನ ಕಲಿಯಲು ಜರ್ಮನಿಗೆ ಹೋಗಿ 1930ರಲ್ಲಿ ಹಿಂದಿರುಗಿದಾಗ ಆ ಹುದ್ದೆಯೇ ಇರಲಿಲ್ಲ. ಈಗಿನ ಕಾಲವಾದರೆ ಹಕ್ಕಿ ಹಿಂದೆ ಹೋಗಿ ಹೀಗಾಯಿತು ಎಂದು ಎರಡೂ ಕಡೆಯವರು ಪಂಚಾಯಿತಿ ಸೇರಿಸುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಅಲಿಬಾಗ್ ಹತ್ತಿರದ ಕಿಹಿಮ್ ಎಂಬ ಕಡಲತೀರದ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿಯ ಮಳೆಗಾಲದಲ್ಲಿ ಸಾಲಿಂ ಗೀಜಗನ ಗೂಡುಗಳನ್ನು ದಿನವೂ ಕೂತು ನೋಡಿದರು. ಗಂಡು ಗೀಜಗ ಅರ್ಧ ಗೂಡು ಹೆಣೆದು ಕಾಯುತ್ತದೆ, ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸಿ ಒಪ್ಪಿದರೆ ಮಾತ್ರ ಉಳಿದರ್ಧ ಕಟ್ಟುತ್ತದೆ ಎಂಬುದನ್ನು ಜಗತ್ತಿಗೆ ತಿಳಿಸಿದ್ದು ಆ ಕೆಲಸವಿಲ್ಲದ ದಿನಗಳ ಫಲ. ಮುಂದೆ ಅವರ ಪಕ್ಷಿ ಸಮೀಕ್ಷೆಗಳ ಶಿಬಿರಗಳಿಗೂ ತೆಹ್ಮಿನಾ ಜೊತೆಯಾಗಿ ಹೋದರು. 1939ರಲ್ಲಿ ಅವರು ತೀರಿಕೊಂಡರು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಸಾಲಿಂ ಬಂದದ್ದು ಅದರ ಬೆನ್ನಿಗೇ. ಅವರ ಮಾತಿಗೆ ಮಹಾರಾಜರು ಓಗೊಟ್ಟಿದ್ದರಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಅಂಥ ಜೋಡಿ ಎಲ್ಲರಿಗೂ ಸಿಗಬೇಕೆಂದೇನೂ ಇಲ್ಲ, ಸಿಗದಿದ್ದರೆ ಕೊರಗಬೇಕಾಗಿಯೂ ಇಲ್ಲ. ನಮ್ಮವರನ್ನು ಒಮ್ಮೆ ರಂಗನತಿಟ್ಟಿಗೆ ಕರೆದೊಯ್ದಿದ್ದೆ. ದೋಣಿಯಲ್ಲಿ ಕೂತವರು ಹಕ್ಕಿ ಬಿಟ್ಟು ಬಂಡೆಯ ಮೇಲಿನ ಮೊಸಳೆಯನ್ನೇ ನೋಡಿದರು, ಆಮೇಲೆ ಸ್ಕೋರ್ ಎಷ್ಟಾಯಿತು ಎಂದು ಮೊಬೈಲ್ ತೆಗೆದರು. ಅವರ ಕ್ರಿಕೆಟ್ಟಿಗೆ ನಾನು ಹೋಗಿ ಕೂತರೂ ನನ್ನ ಪಾಡು ಅದೇ. ಸಂಜೆ ಮನೆಗೆ ಬಂದು ಅವರು ಔಟಾದ ಕಥೆ ಹೇಳುತ್ತಾರೆ, ನಾನು ಕಂಡ ಹಕ್ಕಿಯ ಕಥೆ ಹೇಳುತ್ತೇನೆ. ಇಡೀ ದಿನ ಒಟ್ಟಿಗಿದ್ದ ಭಾನುವಾರಗಳಿಗಿಂತ ಇಂಥ ಭಾನುವಾರದ ರಾತ್ರಿ ಊಟಕ್ಕೆ ನಮಗೆ ಮಾತು ಹೆಚ್ಚು.

ಈಗ ದಾವಣಗೆರೆಯ ತಾಯಿಗೆ. ನಿಮ್ಮ ಯಜಮಾನರು ಆಡಿದ ಮಾತಿನಲ್ಲಿ ಭಯವೂ ಇದೆ, ಅದನ್ನು ನಾನು ಹಗುರ ಮಾಡುವುದಿಲ್ಲ. ಯಾವ ಬಸ್ಸು, ರಾತ್ರಿ ಎಲ್ಲಿ ತಂಗುತ್ತಾರೆ, ಜೊತೆಗೆ ಯಾವ ಮೇಡಂ ಹೋಗುತ್ತಾರೆ, ಅವರ ಫೋನ್ ನಂಬರ್ ಏನು, ಎಲ್ಲವನ್ನೂ ಧಾರಾಳವಾಗಿ ಕೇಳಲಿ. ಕಾಲೇಜಿನವರು ಸರಿಯಾಗಿ ಉತ್ತರ ಕೊಡದಿದ್ದರೆ ಕಳಿಸಬೇಡಿ. ಕೊಟ್ಟರೆ ಮದುವೆಯ ತನಕ ಕಾಯಿಸಬೇಡಿ. ಅಲ್ಲಿಯವರೆಗೆ ಗೆಳತಿಯರಿಲ್ಲದೆ, ಹವ್ಯಾಸವಿಲ್ಲದೆ ಬೆಳೆದವಳು ಗಂಡನ ಮನೆಯ ಕ್ಯಾಲೆಂಡರಿನಲ್ಲಿ ಏನೆಂದು ಬರೆಯಬೇಕು? ಗಂಡುಮಕ್ಕಳ ತಾಯಂದಿರೂ ಇದನ್ನು ಓದುತ್ತಿದ್ದರೆ, ಹುಡುಗರಿಗೆ ಈಗಲೇ ದೋಸೆ ಹುಯ್ಯಲು ಕಲಿಸಿಡಿ. ನನ್ನ ಅತ್ತೆ ಕಲಿಸಿರಲಿಲ್ಲ, ಆ ನಾಲ್ಕು ವಾರ ಕಾವಲಿ ಉಜ್ಜಿದವಳು ನಾನು.

ಖರ್ಚು ಎಂದಿರಿ. ದುರ್ಬೀನು ಕೊಳ್ಳುವ ಅವಸರ ಬೇಡ, ಸಂಘದಲ್ಲಿ ಒಂದಾದರೂ ಇರುತ್ತದೆ. ಮುಂದೆ ಕೊಳ್ಳುವುದಾದರೆ ಅದರ ಮೇಲೆ 8×42 ಎಂದು ಬರೆದದ್ದನ್ನು ಹುಡುಕಿ. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಎಂದರ್ಥ. ಹೆಚ್ಚು ಪಟ್ಟಿನದು ಕೈಯಲ್ಲಿ ಅಲುಗಾಡುತ್ತದೆ. ಮಣ್ಣು ಬಣ್ಣದ ಹಳೆಯ ಚೂಡಿದಾರ, ಟೋಪಿ, ನೀರು, ಇನ್ನೂರು ಪುಟದ ನೋಟ್‌ಬುಕ್ ಇಷ್ಟಿದ್ದರೆ ಸಾಕು. ನೋಟ್‌ಬುಕ್ಕಿನಲ್ಲಿ ದಿನಾಂಕ, ಸ್ಥಳ, ಕಂಡ ಹಕ್ಕಿ, ಅದು ಮಾಡುತ್ತಿದ್ದ ಕೆಲಸ. ಪ್ರವಾಸಕ್ಕೆ ಮುಂಚೆಯೇ ಅಭ್ಯಾಸ ಮಾಡಬೇಕೆಂದರೆ ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ನಡೆಯುವ ಹಿತ್ತಿಲ ಹಕ್ಕಿಗಳ ಮಹಾ ಎಣಿಕೆ ಇದೆ. 1998ರಲ್ಲಿ ಅಮೆರಿಕದಲ್ಲಿ ಶುರುವಾಗಿ 2013ರಿಂದ ಜಗತ್ತಿನಾದ್ಯಂತ ನಡೆಯುತ್ತಿದೆ, ನಮ್ಮ ಎಷ್ಟೋ ಕಾಲೇಜುಗಳು ಆವರಣದಲ್ಲೇ ಎಣಿಸುತ್ತವೆ. ಒಂದು ಕಡೆ ಹದಿನೈದು ನಿಮಿಷ ನಿಂತು ಕಂಡ ಹಕ್ಕಿಗಳನ್ನೆಲ್ಲ ಎಣಿಸಿದರೂ ಆಯಿತು. ಪರೀಕ್ಷೆಗೆ ಓದುವವರೂ ಹದಿನೈದು ನಿಮಿಷ ಮಹಡಿಗೆ ಹೋಗಿ ಬರಬಹುದು, ಟಿ.ವಿ. ಮುಂದೆ ಕಳೆಯುವ ಹೊತ್ತಿಗಿಂತ ಅದು ಕಡಿಮೆಯೇ.

ಇನ್ನೊಂದು. ಇಂಥ ಬಸ್ಸುಗಳಲ್ಲಿ ಹಿಂದಿನ ನಾಲ್ಕಾರು ಸೀಟು ಸಾಮಾನ್ಯವಾಗಿ ಖಾಲಿ ಉಳಿಯುತ್ತವೆ. ಮೇಡಂ ಅವರನ್ನು ಎಲ್ಲ ಕೇಳುವಾಗ ತಾಯಂದಿರನ್ನೂ ಕರೆದುಕೊಂಡು ಹೋಗುತ್ತೀರಾ ಎಂದೂ ಒಂದು ಮಾತು ಕೇಳಿ ನೋಡಿ.